ಪರವೂರಿನ ಪಂದ್ಯ

ಕಾಲ್ಚೆಂಡಾಟದಲ್ಲಿ ಒಂದು ಪಕ್ಷಕ್ಕೆ ಆಡುವವರು ಹನ್ನೊಂದು ಮಂದಿ. ಆದರೆ ಇಂಗ್ಲೆಂಡಿನಲ್ಲಿ ಒಂದು ತಂಡ ಪರವೂರಿಗೆ ಆಡಲು ಹೊರಟಿತೆಂದರೆ ಅದರ ಹಿಂದೆಯೇ ನೂರಾರು, ಒಮ್ಮೊಮ್ಮೆ ಸಾವಿರಾರು ಜನ ಹೊರಡುತ್ತಾರೆ. ಕೊರಳಿಗೆ ತಮ್ಮ ಕ್ಲಬ್ಬಿನ ಬಣ್ಣದ ಉಣ್ಣೆಯ ವಸ್ತ್ರ, ಕೈಯಲ್ಲಿ ಬುತ್ತಿ. ತಂದೆಯ ಪಕ್ಕದಲ್ಲಿ ಮಗಳು, ಅಜ್ಜನ ಪಕ್ಕದಲ್ಲಿ ಮೊಮ್ಮಗ. ಜಾತ್ರೆಗೆ ಹೊರಟವರನ್ನು ಕಂಡಿರುವ ನಮಗೆ ಈ ನೋಟ ತೀರ ಹೊಸದೆನಿಸದು. ಆದರೆ ಜಾತ್ರೆ ವರ್ಷಕ್ಕೊಮ್ಮೆ. ಇವರ ಪ್ರಯಾಣವಾದರೋ ಆಗಸ್ಟ್ ತಿಂಗಳಿನಿಂದ ಮೇ ತಿಂಗಳವರೆಗೆ, ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ನಡೆಯುತ್ತಲೇ ಇರುತ್ತದೆ.

ಈ ಪದ್ಧತಿ ಬೆಳೆದು ಬಂದುದಕ್ಕೆ ಗಿರಣಿ ಮತ್ತು ರೈಲು ಎರಡೂ ಕಾರಣ. ನೇಯ್ಗೆಯ ಗಿರಣಿಗಳಲ್ಲಿ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಬಳಿಕ ದುಡಿಯಬಾರದೆಂದು 1850ರ ಕಾಯಿದೆಯೊಂದು ವಿಧಿಸಿತು. ಕ್ರಮೇಣ ಆ ಅರ್ಧ ದಿನದ ಬಿಡುವು ಇತರ ಕಾರ್ಮಿಕರಿಗೂ ದೊರೆಯಿತು. ಬಿಡುವಿದ್ದ ಕಡೆ ಆಟ ಬೆಳೆಯಿತು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ಆಟಕ್ಕೆ ಒಂದು ನಿಯಮಾವಳಿಯನ್ನು ರಚಿಸಿತು. 1888ರಲ್ಲಿ ಲ್ಯಾಂಕಾಷೈರ್ ಮತ್ತು ಮಧ್ಯ ಇಂಗ್ಲೆಂಡಿನ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಪ್ರತಿಯೊಂದು ಕ್ಲಬ್ಬೂ ಉಳಿದ ಪ್ರತಿಯೊಂದು ಕ್ಲಬ್ಬಿನೊಡನೆ ಎರಡು ಸಲ ಆಡಬೇಕು, ಒಂದು ತನ್ನೂರಿನಲ್ಲಿ, ಇನ್ನೊಂದು ಎದುರಾಳಿಯ ಊರಿನಲ್ಲಿ ಎಂಬುದು ಲೀಗಿನ ನಿಯಮ. ಪರವೂರಿನ ಪಂದ್ಯವೆಂಬುದು ಹೀಗೆ ಆಟದ ಕಟ್ಟಳೆಯಲ್ಲೇ ಸೇರಿಹೋಯಿತು. ಊರಿಂದೂರಿಗೆ ಜನರನ್ನು ಒಯ್ಯಲು ರೈಲು ಆ ವೇಳೆಗಾಗಲೇ ಸಿದ್ಧವಾಗಿತ್ತು.

ಇಂಗ್ಲೆಂಡು ಚಿಕ್ಕ ದೇಶವೆಂದು ನಾವು ಭಾವಿಸುತ್ತೇವೆ. ಸ್ಕಾಟ್ಲೆಂಡಿನ ಗಡಿಯ ಬಳಿಯಿರುವ ಕಾರ್ಲೈಲ್ ಪಟ್ಟಣದ ಅಭಿಮಾನಿಯನ್ನು ಕೇಳಿದರೆ ಬೇರೆಯೇ ಉತ್ತರ ಬಂದೀತು. ಅವನ ತಂಡ ನೈಋತ್ಯ ಕರಾವಳಿಯ ಪ್ಲಿಮತ್ತಿನಲ್ಲಿ ಆಡಬೇಕಾದಾಗ ಹೋಗುವ ದಾರಿಯೇ ಆರುನೂರು ಕಿಲೋಮೀಟರಿಗೂ ಹೆಚ್ಚು. ತೊಂಬತ್ತು ನಿಮಿಷದ ಆಟ ಮುಗಿದ ಮೇಲೆ ಮತ್ತೆ ಅಷ್ಟೇ ದೂರ. ಸೋತು ಹಿಂದಿರುಗುವಾಗ ಆ ದೂರ ಇಮ್ಮಡಿಯಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಸಾಲದುದಕ್ಕೆ, ದೂರದರ್ಶನದ ಪ್ರಸಾರಕ್ಕಾಗಿ ಪಂದ್ಯವನ್ನು ಸೋಮವಾರ ರಾತ್ರಿಗೋ ಭಾನುವಾರಕ್ಕೋ ಸರಿಸುವುದೂ ಉಂಟು. ಮೊದಲೇ ಕೊಂಡಿದ್ದ ರೈಲು ಟಿಕೆಟು ಆಗ ನಿರುಪಯುಕ್ತವಾಗುತ್ತದೆ; ಆಟ ಮುಗಿಯುವ ಹೊತ್ತಿಗೆ ಊರಿಗೆ ಹಿಂದಿರುಗುವ ಕೊನೆಯ ರೈಲು ಹೊರಟುಹೋಗಿರುತ್ತದೆ.

ಇನ್ನು ಮೈದಾನದ ಪ್ರವೇಶ ಶುಲ್ಕ. 2013ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ಲಂಡನ್ನಿನ ಆರ್ಸೆನಲ್ ಮೈದಾನದಲ್ಲಿ ಆಡಿದಾಗ ಹೊರಗಿನಿಂದ ಬಂದ ಅಭಿಮಾನಿ ಒಂದು ಟಿಕೆಟಿಗೆ 62 ಪೌಂಡ್ ತೆರಬೇಕಾಯಿತು. ಒಂಬೈನೂರಕ್ಕೂ ಹೆಚ್ಚು ಟಿಕೆಟುಗಳು ಮಾರಾಟವಾಗದೆ ಹಿಂದಿರುಗಿದವು. ಆಟಗಾರರಿಗಾಗಿ ಕೋಟಿಗಟ್ಟಲೆ ಸುರಿಯುತ್ತಿದ್ದ ಕ್ಲಬ್ಬಿನ ಅಭಿಮಾನಿಗಳೇ ಟಿಕೆಟು ಕೊಳ್ಳಲಾರದೆ ಮನೆಯಲ್ಲಿ ಉಳಿದರೆಂಬುದು ಗಮನಾರ್ಹ. ದೇಶದ ನಾನಾ ಕ್ಲಬ್ಬುಗಳ ಅಭಿಮಾನಿಗಳು ತಮ್ಮ ಹಳೆಯ ಹಗೆತನವನ್ನು ಬದಿಗಿಟ್ಟು ಒಟ್ಟಾಗಿ ಚಳವಳಿ ನಡೆಸಿದರು. ಅದರ ಫಲವಾಗಿ, ಅತ್ಯುನ್ನತ ಶ್ರೇಣಿಯಾದ ಪ್ರೀಮಿಯರ್ ಲೀಗಿನಲ್ಲಿ ಪರವೂರಿನವರ ಟಿಕೆಟಿಗೆ 30 ಪೌಂಡಿಗಿಂತ ಹೆಚ್ಚು ಪಡೆಯಬಾರದೆಂದು 2016ರಲ್ಲಿ ನಿಯಮವಾಯಿತು.

ಹೀಗೆ ಬಂದವರನ್ನು ಬಹುಕಾಲ ಅನುಮಾನದಿಂದಲೇ ಕಾಣಲಾಗುತ್ತಿತ್ತು. 1970 ಮತ್ತು 1980ರ ದಶಕಗಳಲ್ಲಿ ಕೆಲವರು ನಡೆಸಿದ ಹೊಡೆದಾಟಗಳು ಇದಕ್ಕೆ ಕಾರಣವೆಂಬುದು ನಿಜ. ಆದರೆ ಕೆಲವರ ತಪ್ಪು ಎಲ್ಲರ ತಲೆಗೆ ಬಂದಿತು. 1989ರ ಏಪ್ರಿಲ್ 15ರಂದು ಷೆಫೀಲ್ಡ್ ನಗರದ ಹಿಲ್ಸ್‌ಬರೊ ಮೈದಾನಕ್ಕೆ ಬಂದಿದ್ದ ಲಿವರ್‌ಪೂಲ್ ಅಭಿಮಾನಿಗಳು ಕಂಬಿಬೇಲಿಯ ಕಟಕಟೆಯಲ್ಲಿ ನೂಕುನುಗ್ಗಲಿಗೆ ಸಿಲುಕಿದರು. ಆ ದುರಂತದಲ್ಲಿ ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ತಪ್ಪು ಅಭಿಮಾನಿಗಳದಲ್ಲವೆಂದು ನ್ಯಾಯವಿಚಾರಣೆಯ ಪಂಚರು ಸ್ಪಷ್ಟವಾಗಿ ಸಾರಲು 2016ರವರೆಗೆ ಕಾಯಬೇಕಾಯಿತು.

ದೂರದ ಪ್ರಯಾಣದಲ್ಲಿ ಮಾತಿಗೆ ಬರವಿಲ್ಲ. ಬಸ್ಸಿನಲ್ಲಿ ಮೊದಲು ಏಳುವ ಮಾತು ಆಟಗಾರರ ಖರೀದಿಯದು. ಇಂಥವನನ್ನು ಏಕೆ ಕೊಂಡರು, ಇಂಥವನನ್ನು ಏಕೆ ಬಿಟ್ಟರು, ಅಷ್ಟು ಹಣಕ್ಕೆ ಅವನು ತಕ್ಕವನೇ? ಮಾರುಕಟ್ಟೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವ ರೈತರಷ್ಟೇ ಶ್ರದ್ಧೆಯಿಂದ ಈ ಚರ್ಚೆ ನಡೆಯುತ್ತದೆ. ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ವರ್ಗಾವಣೆಯ ಹಣವೆಂಬುದು ಆಟಗಾರನ ಸಂಬಳವಲ್ಲ. ಕರಾರು ಮುಗಿಯುವ ಮುನ್ನ ಅವನನ್ನು ಬಿಟ್ಟುಕೊಡುವುದಕ್ಕಾಗಿ ಒಂದು ಕ್ಲಬ್ಬು ಇನ್ನೊಂದು ಕ್ಲಬ್ಬಿಗೆ ತೆರುವ ಪರಿಹಾರ ಅದು. ಸಂಬಳದ ಲೆಕ್ಕ ಬೇರೆ.

ಸಾವಿರ ಪೌಂಡಿನ ಮೊದಲ ವರ್ಗಾವಣೆ ನಡೆದುದು 1905ರಲ್ಲಿ. ಕೆಳಗಿನ ಶ್ರೇಣಿಗೆ ಜಾರುವ ಭೀತಿಯಲ್ಲಿದ್ದ ಮಿಡಲ್ಸ್‌ಬರೊ ಕ್ಲಬ್ಬು ನೆರೆಯ ಸಂಡರ್‌ಲ್ಯಾಂಡಿನಿಂದ ಆಲ್ಫ್ ಕಾಮನ್ ಎಂಬವನನ್ನು ಕೊಂಡಿತು. ಮನುಷ್ಯನಿಗೆ ಇಷ್ಟು ಬೆಲೆಯೇ ಎಂದು ಹಲವರು ಹುಬ್ಬೇರಿಸಿದರು. ಹೆಚ್ಚುಕಡಿಮೆ ಎರಡು ವರ್ಷ ಪರವೂರಿನಲ್ಲಿ ಒಂದು ಪಂದ್ಯವನ್ನೂ ಗೆಲ್ಲದಿದ್ದ ಆ ತಂಡ ಅವನು ಆಡಿದ ಮೊದಲ ಪಂದ್ಯದಲ್ಲೇ ಷೆಫೀಲ್ಡಿನಲ್ಲಿ ಗೆದ್ದಿತು. ಆ ಏಕೈಕ ಗೋಲು ಅವನದೇ. ಶ್ರೇಣಿಯೂ ಉಳಿಯಿತು. ಹಣ ಚೆಲ್ಲಿದರೆ ಫಲ ಸಿಕ್ಕೀತೆಂಬ ನಂಬಿಕೆಗೆ ಇಂಥ ನಿದರ್ಶನಗಳೇ ಗೊಬ್ಬರ. ಆದರೆ ಆ ಕಾಲದಲ್ಲಿ ಆಟಗಾರನಿಗೆ ದಕ್ಕುತ್ತಿದ್ದುದು ಅಲ್ಪ. 1901ರಲ್ಲಿ ವಾರಕ್ಕೆ 4 ಪೌಂಡ್ ಎಂದು ಗೊತ್ತುಮಾಡಿದ್ದ ಗರಿಷ್ಠ ಸಂಬಳ, 1961ರಲ್ಲಿ ಆ ಮಿತಿಯನ್ನು ತೆಗೆದುಹಾಕುವಾಗಲೂ 20 ಪೌಂಡಿಗೆ ಮಾತ್ರ ಏರಿತ್ತು. ಅನಂತರ ಸಂಬಳವೂ ಬೆಲೆಯೂ ತಡೆಯಿಲ್ಲದೆ ಏರತೊಡಗಿದವು. 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಟ್ರೆವರ್ ಫ್ರಾನ್ಸಿಸನಿಗೆ 10 ಲಕ್ಷ ಪೌಂಡ್ ತೆತ್ತಿತು. 2017ರಲ್ಲಿ ಬ್ರೆಜಿಲಿನ ನೇಮಾರ್ ಪ್ಯಾರಿಸ್ಸಿಗೆ ಹೋದಾಗ ತೆತ್ತ ಮೊತ್ತ 22 ಕೋಟಿ 20 ಲಕ್ಷ ಯೂರೊ. ಅದುವರೆಗಿನ ದಾಖಲೆಯ ಎರಡರಷ್ಟಕ್ಕೂ ಮಿಗಿಲು.

ಇಂಥ ಮೊತ್ತವನ್ನು ಲೆಕ್ಕಪತ್ರದಲ್ಲಿ ಬರೆಯುವ ರೀತಿಯೂ ಕುತೂಹಲಕರ. ಐದು ಕೋಟಿ ಪೌಂಡ್ ಕೊಟ್ಟು ಒಬ್ಬನೊಡನೆ ಐದು ವರ್ಷದ ಕರಾರು ಮಾಡಿಕೊಂಡರೆ ವರ್ಷಕ್ಕೆ ಒಂದು ಕೋಟಿಯಂತೆ ಖರ್ಚು ಬರೆಯುತ್ತಾರೆ. ಮೂರು ವರ್ಷದ ಬಳಿಕ ಪುಸ್ತಕದಲ್ಲಿ ಉಳಿಯುವ ಬೆಲೆ ಎರಡು ಕೋಟಿ. ಆಗ ಅವನನ್ನು ನಾಲ್ಕು ಕೋಟಿಗೆ ಮಾರಿದರೆ ಎರಡು ಕೋಟಿ ಲಾಭವೆಂದು ಆ ವರ್ಷವೇ ಬರೆಯಬಹುದು. ಕ್ಲಬ್ಬಿನಲ್ಲೇ ಬೆಳೆದ ಊರಿನ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ; ಅವನನ್ನು ಮಾರಿದರೆ ಬಂದ ಹಣವೆಲ್ಲ ಲಾಭ. ಆದಕಾರಣ ನಷ್ಟವನ್ನು ಮುಚ್ಚಬೇಕಾದ ಕ್ಲಬ್ಬಿನ ಕಣ್ಣು ಊರಿನ ಹುಡುಗನ ಮೇಲೆಯೇ ಬೀಳುವುದುಂಟು. ಅಭಿಮಾನಿಗಳಿಗೆ ಎಲ್ಲರಿಗಿಂತ ಅಚ್ಚುಮೆಚ್ಚಿನವನು ಸಾಮಾನ್ಯವಾಗಿ ಅವನೇ.

ಅಳತೆ ಮೀರಿದ ವೆಚ್ಚದ ಕಥೆಗೆ ಲೀಡ್ಸ್ ಯುನೈಟೆಡ್ ಪ್ರಸಿದ್ಧ ಉದಾಹರಣೆ. ಮುಂದಿನ ವರ್ಷಗಳಲ್ಲಿ ಬರಲಿರುವ ಟಿಕೆಟ್ ಮಾರಾಟದ ಹಣವನ್ನೇ ಆಧಾರವಾಗಿ ತೋರಿಸಿ ಆ ಕ್ಲಬ್ಬು ಸಾಲ ಎತ್ತಿತು. ಅಭಿಮಾನಿಗಳು ಇನ್ನೂ ಗಳಿಸದಿದ್ದ ಸಂಬಳವನ್ನು ಅವರನ್ನು ಕೇಳದೆಯೇ ಒತ್ತೆಯಿಟ್ಟಂತಾಯಿತು. ಮೊದಮೊದಲು ಎಲ್ಲವೂ ಚೆನ್ನಾಗಿಯೇ ಇತ್ತು. 2000 ಮತ್ತು 2001ರಲ್ಲಿ ಲೀಡ್ಸ್ ಜನ ತಂಡದ ಬೆನ್ನಿಗೆ ಮಿಲಾನ್, ಮ್ಯಾಡ್ರಿಡ್ ನಗರಗಳಿಗೆ ಹೋಗಿಬಂದರು. ತಂಡ ಯುರೋಪಿನ ಚಾಂಪಿಯನ್ಸ್ ಲೀಗಿನ ಉಪಾಂತ್ಯವನ್ನು ಮುಟ್ಟಿತು. ಮರುವರ್ಷ ಆ ಸ್ಪರ್ಧೆಗೆ ಅರ್ಹತೆ ತಪ್ಪಿ, ನೆಚ್ಚಿದ್ದ ಆದಾಯ ಬರಲಿಲ್ಲ. ಆಟಗಾರರನ್ನು ಒಬ್ಬೊಬ್ಬರಾಗಿ ಮಾರಿದರು. 2004ರಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು; ಅದೇ ವರ್ಷ ಎಲೆಂಡ್ ರೋಡ್ ಮೈದಾನವೂ ಮಾರಾಟವಾಯಿತು. 2007ರಲ್ಲಿ ಮೂರನೆಯ ಶ್ರೇಣಿಗೆ ಬಿದ್ದ ಕ್ಲಬ್ಬು 15 ಅಂಕಗಳ ದಂಡ ಹೊತ್ತು ಆಟ ಆರಂಭಿಸಿತು. ಮಿಲಾನಿಗೆ ಹೋಗಿದ್ದ ಜನ ಈಗ ಯೋವಿಲ್, ಚೆಲ್ಟೆನ್‌ಹ್ಯಾಮ್‌ಗಳಂಥ ಸಣ್ಣ ಊರುಗಳ ದಾರಿ ಹಿಡಿದರು. 2008ರಲ್ಲಿ ಹಿಸ್ಟನ್ ಎಂಬ ಹಳ್ಳಿಯ ತಂಡದ ಕೈಯಲ್ಲಿ ಸೋತಾಗಲೂ ಅವರು ಅಲ್ಲಿದ್ದರು. ಮತ್ತೆ ಮೇಲಿನ ಶ್ರೇಣಿಯನ್ನು ಮುಟ್ಟಲು 2020ರವರೆಗೆ ಕಾಯಬೇಕಾಯಿತು.

ಲೀಡ್ಸ್ ದೊಡ್ಡ ನಗರ, ಬಿದ್ದರೂ ಏಳಬಲ್ಲದು. ಬರಿ ಪಟ್ಟಣದ ಸ್ಥಿತಿ ಹಾಗಲ್ಲ. 1733ರಲ್ಲಿ ಹಾರುವ ಲಾಳಿಗೆ ಹಕ್ಕುಪತ್ರ ಪಡೆದ ಜಾನ್ ಕೇ ಹುಟ್ಟಿದ ಸೀಮೆಯದು, ಮ್ಯಾಂಚೆಸ್ಟರಿನ ನೆರೆಯ ಹಳೆಯ ನೇಯ್ಗೆಯ ಊರು. 1885ರಲ್ಲಿ ಸ್ಥಾಪಿತವಾದ ಅಲ್ಲಿನ ಕ್ಲಬ್ಬು 1900 ಮತ್ತು 1903ರಲ್ಲಿ ಎಫ್.ಎ. ಕಪ್ಪನ್ನು ಗೆದ್ದಿತ್ತು. ದೊಡ್ಡ ಕ್ಲಬ್ಬುಗಳಿಗೆ ದೂರದರ್ಶನದ ಹಣವೇ ಹೊಳೆಯಾಗಿ ಹರಿಯುತ್ತದೆ. ಬರಿಯಂಥ ಕ್ಲಬ್ಬಿಗೆ ಬಾಗಿಲಲ್ಲಿ ಸಂಗ್ರಹವಾಗುವ ಟಿಕೆಟ್ ಹಣವೇ ಮುಖ್ಯ ಆಸರೆ. ಆದಾಯ ಮೀರಿ ಖರ್ಚುಮಾಡಿದ ಕ್ಲಬ್ಬು 2019ರ ವಸಂತದಲ್ಲಿ ಆಟಗಾರರಿಗೆ ಸಂಬಳ ಕೊಡಲಾರದೆ ಹೋಯಿತು. ಆದರೂ ಅವರು ಆಡಿ ತಂಡವನ್ನು ಮೇಲಿನ ಶ್ರೇಣಿಗೇರಿಸಿದರು. ಆಗಸ್ಟಿನಲ್ಲಿ, ಹೊಸ ಒಡೆಯ ಬರುವನೆಂಬ ಭರವಸೆಯಿಂದ, ಅಭಿಮಾನಿಗಳು ಪೊರಕೆ ಬಕೆಟ್ಟು ಹಿಡಿದು ಬಂದು ಗಿಗ್ ಲೇನ್ ಮೈದಾನವನ್ನು ತಾವೇ ಗುಡಿಸಿ ತೊಳೆದರು. ಒಡೆಯ ಬರಲಿಲ್ಲ. ಆಗಸ್ಟ್ 27ರಂದು ಕ್ಲಬ್ಬನ್ನು ಲೀಗಿನಿಂದ ಹೊರಹಾಕಲಾಯಿತು. ವರ್ಷದ ಪಂದ್ಯಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದವರಿಗೆ ಹೋಗಲು ಊರೇ ಇಲ್ಲವಾಯಿತು.

ಬರಿಯ ಪತನ ದೇಶದಲ್ಲಿ ದೊಡ್ಡ ಚರ್ಚೆಯನ್ನೆಬ್ಬಿಸಿತು. 2025ರಲ್ಲಿ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ ಕ್ಲಬ್ಬುಗಳ ಹಣಕಾಸನ್ನೂ ಒಡೆಯರ ಯೋಗ್ಯತೆಯನ್ನೂ ಪರೀಕ್ಷಿಸಲು ಸ್ವತಂತ್ರ ನಿಯಂತ್ರಕರ ನೇಮಕಕ್ಕೆ ಅವಕಾಶವಾಯಿತು. ಅಭಿಮಾನಿಗಳ ಅಭಿಪ್ರಾಯ ಕೇಳಬೇಕೆಂಬ ವಿಧಿಯೂ ಅದರಲ್ಲಿದೆ. ಬರಿಯ ಜನ ಮಾತ್ರ ಅಷ್ಟು ಕಾಲ ಕಾದು ಕುಳಿತಿರಲಿಲ್ಲ. ಕೆಲವರು 2019ರಲ್ಲೇ ತಮ್ಮದೇ ಹೊಸ ತಂಡ ಕಟ್ಟಿದರು. ಇನ್ನು ಕೆಲವರು ಹಳೆಯ ಮೈದಾನವನ್ನು ಉಳಿಸಿಕೊಳ್ಳಲು ಹೆಣಗಿದರು. ಇಬ್ಬರ ನಡುವೆ ಮನಸ್ತಾಪವೂ ಆಯಿತು. ಕೊನೆಗೆ 2023ರಲ್ಲಿ ಎರಡು ಬಣಗಳೂ ಒಂದಾದವು. ಬರಿ ಎಂಬ ಹೆಸರಿನ ತಂಡ ಆ ವರ್ಷ ಒಂಬತ್ತನೆಯ ಶ್ರೇಣಿಯಲ್ಲಿ, ಅದೇ ಗಿಗ್ ಲೇನಿನಲ್ಲಿ, ಸಾವಿರಾರು ಜನರ ಮುಂದೆ ಮತ್ತೆ ಆಡಿತು. ಆ ಶ್ರೇಣಿಯ ಪರವೂರಿನ ಪಂದ್ಯಗಳು ದೂರದವಲ್ಲ. ಬಹುಮಟ್ಟಿಗೆ ವಾಯವ್ಯ ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳವು. ಬಂದ ಅತಿಥಿಗಳನ್ನೆಲ್ಲ ನಿಲ್ಲಿಸಲು ಅಲ್ಲಿನ ಕೆಲವು ಮೈದಾನಗಳಲ್ಲಿ ಜಾಗ ಸಾಲುತ್ತಿರಲಿಲ್ಲ.