ಹತ್ತು ತಿಂಗಳ ಮನೆಮಗಳು

ಅಮೆರಿಕದಲ್ಲಿ ಮೊದಲ ರಾತ್ರಿಯ ಊಟ. ಹೋಸ್ಟ್ ತಾಯಿ ಪಾತ್ರೆ ಮುಂದೆ ಹಿಡಿದು, ಇನ್ನಷ್ಟು ಬೇಕಾ ಎಂದು ಕೇಳುತ್ತಾರೆ. ನಮ್ಮೂರಿನ ಹುಡುಗಿ ಅಭ್ಯಾಸದಂತೆ ‘ಬೇಡ’ ಎನ್ನುತ್ತಾಳೆ. ನಮ್ಮಲ್ಲಾದರೆ ಮೊದಲ ‘ಬೇಡ’ ಲೆಕ್ಕಕ್ಕಿಲ್ಲ. ಎರಡನೆಯದು ಸಂಕೋಚ. ಮೂರನೆಯದನ್ನು ಹೇಳುವಷ್ಟರಲ್ಲಿ ತಟ್ಟೆ ತುಂಬಿರುತ್ತದೆ. ಇಲ್ಲಿ ಪಾತ್ರೆ ಪಕ್ಕದವರ ಕಡೆಗೆ ಹೋಗಿಬಿಡುತ್ತದೆ. ಹುಡುಗಿ ಅರೆಹೊಟ್ಟೆಯಲ್ಲಿ ಮಲಗುತ್ತಾಳೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ಹೇಳಿದ ಮಾತನ್ನು ನಂಬುವುದು ಆ ಮನೆಯ ಮರ್ಯಾದೆ; ನಂಬದೆ ಬಡಿಸುವುದು ನಮ್ಮ ಮನೆಯ ಮರ್ಯಾದೆ. ಎರಡರ ನಡುವಿನ ಈ ದೂರವನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಹೈಸ್ಕೂಲು ವಯಸ್ಸಿನಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ಪರದೇಶಕ್ಕೆ ಹೋಗುವವರು ಅದನ್ನು ಊಟದ ಮೇಜಿನ ಮುಂದೆ ಕೂತು ಕಲಿಯುತ್ತಾರೆ.

ಆಂಬುಲೆನ್ಸ್ ಚಾಲಕರು ಹಾಕಿದ ದಾರಿ

ಈ ದಾರಿಯನ್ನು ಅಗಲ ಮಾಡಿದವರು ಯುದ್ಧ ಕಂಡವರು. 1915ರಲ್ಲಿ ಅಮೆರಿಕದ ಎ. ಪಿಯಾಟ್ ಆಂಡ್ರ್ಯೂ ಫ್ರಾನ್ಸ್‌ನಲ್ಲಿ ಸ್ವಯಂಸೇವಕರ ಆಂಬುಲೆನ್ಸ್ ಪಡೆಯೊಂದನ್ನು ಕಟ್ಟಿದರು. ಅದೇ ಅಮೆರಿಕನ್ ಫೀಲ್ಡ್ ಸರ್ವಿಸ್, ಇಂದಿನ ಎಎಫ್‌ಎಸ್. ಎರಡನೇ ಮಹಾಯುದ್ಧದಲ್ಲಿ ಅದರ ಚಾಲಕರು ಉತ್ತರ ಆಫ್ರಿಕಾ, ಇಟಲಿಗಳಲ್ಲಿ ದುಡಿದರು. ಭಾರತ–ಬರ್ಮಾ ರಣರಂಗದಲ್ಲೂ ಗಾಯಾಳುಗಳನ್ನು ಸಾಗಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಸ್ಟೀಫನ್ ಗಲಾಟಿ ಅವರ ಮುಂದಾಳತ್ವದಲ್ಲಿ ಸೇರಿದ ಈ ಚಾಲಕರು ಹೈಸ್ಕೂಲು ಮಕ್ಕಳ ವಿನಿಮಯಕ್ಕೆ ಕೈಹಾಕಿದರು. ಮರುವರ್ಷ 10 ದೇಶಗಳ 52 ಮಕ್ಕಳು ಅಮೆರಿಕದಲ್ಲಿ ಓದಲು ಬಂದರು.

1951ರಲ್ಲಿ ‘ಯೂತ್ ಫಾರ್ ಅಂಡರ್‌ಸ್ಟ್ಯಾಂಡಿಂಗ್’ ಎಂಬ ಇನ್ನೊಂದು ವಿನಿಮಯ ಕಾರ್ಯಕ್ರಮ 75 ಜರ್ಮನ್ ಹದಿಹರೆಯದವರನ್ನು ಮಿಶಿಗನ್ ರಾಜ್ಯದ ಮನೆಗಳಿಗೆ ಕರೆತಂದಿತು. ಆರು ವರ್ಷದ ಹಿಂದಷ್ಟೇ ಜರ್ಮನಿಯ ವಿರುದ್ಧ ಹೋರಾಡಿದ್ದ ದೇಶದಲ್ಲಿ ಜರ್ಮನ್ ಮಕ್ಕಳಿಗೆ ಹಾಸಿಗೆ ಹಾಸಿ, ತಟ್ಟೆ ಇಟ್ಟ ಆ ಕುಟುಂಬಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಹಾಸ್ಟೆಲ್ ಬದಲು ಮನೆ

ಮಕ್ಕಳನ್ನು ಹಾಸ್ಟೆಲ್‌ನಲ್ಲಿಡದೆ ಮನೆಗಳಲ್ಲಿಡುವುದೇ ಈ ವ್ಯವಸ್ಥೆಯ ಜೀವ. ಅಮೆರಿಕದ ನಿಯಮದಂತೆ ಹೀಗೆ ಬರುವವರ ವಯಸ್ಸು 15ರಿಂದ 18 ವರ್ಷ 6 ತಿಂಗಳೊಳಗೆ ಇರಬೇಕು. ಮಗುವನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ ದುಡ್ಡು ಕೊಡುವಂತಿಲ್ಲ. ಆ ಮನೆಯ ವಯಸ್ಕರ ಪೂರ್ವಾಪರ ವಿಚಾರಿಸಿದ ಮೇಲೆಯೇ ಮಗುವನ್ನು ಕಳಿಸುತ್ತಾರೆ. ರೋಟರಿಯ ದೀರ್ಘಾವಧಿ ವಿನಿಮಯದಲ್ಲಿ ಸಾಮಾನ್ಯವಾಗಿ ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರಬೇಕಾಗುತ್ತದೆ.

ದುಡ್ಡು ಪಡೆಯದ ಮನೆ ಅತಿಥಿ ಸತ್ಕಾರವನ್ನು ಬೇಗ ಮುಗಿಸುತ್ತದೆ. ಎರಡನೇ ವಾರಕ್ಕೆ ತಟ್ಟೆ ತೊಳೆಯುವ ಸರದಿ ಬರುತ್ತದೆ. ನಾಯಿಯನ್ನು ಸುತ್ತಾಡಿಸುವುದು, ಚಳಿಗಾಲದಲ್ಲಿ ಅಂಗಳದ ಹಿಮ ಎತ್ತುವುದು ಪಾಲಿಗೆ ಬೀಳುತ್ತದೆ. ಕೆಲಸ ಹಚ್ಚಿದರೆಂದು ಕೆಲವು ಮಕ್ಕಳಿಗೆ ಅಳು ಬರುವುದುಂಟು. ಆದರೆ ನೆಂಟರಿಗೆ ಯಾರೂ ಕೆಲಸ ಹೇಳುವುದಿಲ್ಲ. ಮನೆಯವರಿಗೆ ಹೇಳುತ್ತಾರೆ.

ಶಾಲೆಯಲ್ಲೂ ಎಲ್ಲ ಹೊಸದು. ನಮ್ಮಲ್ಲಿ ಮಕ್ಕಳು ಕೂತಲ್ಲೇ ಕೂತಿರುತ್ತಾರೆ, ಮೇಷ್ಟ್ರು ಬಂದು ಹೋಗುತ್ತಾರೆ. ಅಲ್ಲಿ ಗಂಟೆ ಹೊಡೆದೊಡನೆ ಮಕ್ಕಳೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುತ್ತಾರೆ. ಪ್ರತಿ ತರಗತಿಯಲ್ಲೂ ಬೇರೆ ಮುಖಗಳು. ಹಾಗಾಗಿ ಬೆಂಚಿನ ಗೆಳೆತನ ತಾನಾಗಿ ಬೆಳೆಯುವುದಿಲ್ಲ. ಮಧ್ಯಾಹ್ನ ಟ್ರೇ ಹಿಡಿದು ಯಾರ ಪಕ್ಕ ಕೂರಲಿ ಎಂದು ನಿಲ್ಲುವ ಆ ಅರ್ಧ ನಿಮಿಷ ಗಣಿತದ ಪರೀಕ್ಷೆಗಿಂತ ಕಠಿಣ.

ಎರಡು ಬಟ್ಟಲು

ಹೊಸದರ ಸಡಗರ ಇಳಿದ ಮೇಲೆ ಮನಸ್ಸು ಕುಸಿಯುತ್ತದೆ. ಅಮೆರಿಕದಲ್ಲಿದ್ದು ಬಂದ ನಾರ್ವೆಯ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಫಲಾನುಭವಿಗಳನ್ನು ಅಧ್ಯಯನ ಮಾಡಿದ ಸ್ವೆರೆ ಲಿಸ್‌ಗಾರ್ಡ್ 1955ರಲ್ಲಿ ಇದನ್ನೇ ಹೇಳಿದರು: ಮೊದಲು ಉತ್ಸಾಹ, ನಡುವೆ ಇಳಿತ, ಆಮೇಲೆ ಮತ್ತೆ ಏರು. ಗೆರೆ ಎಳೆದರೆ ಬಟ್ಟಲಿನ ಆಕಾರ. 1963ರಲ್ಲಿ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ ಅದರ ಪಕ್ಕಕ್ಕೆ ಎರಡನೇ ಬಟ್ಟಲನ್ನು ಇಟ್ಟರು. ಊರಿಗೆ ಮರಳಿದ ಮೇಲೂ ಅಂಥದೇ ಇಳಿತ ಕಾದಿರುತ್ತದೆ ಎಂದರು.

ಮೊದಲ ಬಟ್ಟಲಿನ ತಳದಲ್ಲಿರುವ ಮಗಳು ರಾತ್ರಿ ಫೋನ್ ಮಾಡಿ ಅಳುತ್ತಾಳೆ. ಇಲ್ಲಿ ತಾಯಿಯ ಕರುಳು ಕಿವುಚುತ್ತದೆ, ವಾಪಸು ಬಾ ಅನ್ನೋಣ ಎನಿಸುತ್ತದೆ. ಆ ಹೋಸ್ಟ್ ಮನೆಯಲ್ಲಿ ನಿಜವಾದ ತೊಂದರೆಯಿದ್ದರೆ ಕಾರ್ಯಕ್ರಮದ ಸ್ಥಳೀಯ ಸಂಯೋಜಕರಿಗೆ ಕೂಡಲೇ ತಿಳಿಸಬೇಕು. ಮನೆ ಬದಲಿಸಲು ಅವಕಾಶವಿದೆ, ಅದರಲ್ಲಿ ನಾಚಿಕೆಯೇನಿಲ್ಲ. ಬರೀ ಊರಿನ ನೆನಪಾದರೆ, ಫೋನನ್ನು ಕೊಂಚ ಕಡಿಮೆ ಮಾಡಿ ಆ ಮನೆಯ ಅಡುಗೆಕೋಣೆಗೆ ಹೋಗಿ ನಿಲ್ಲು ಎನ್ನುವುದೇ ಒಳ್ಳೆಯದು. ಚಿತ್ರಾನ್ನಕ್ಕೆ ಸಾಸಿವೆ ಸಿಡಿಸಿದ ದಿನ ಆ ಮನೆ ಅವಳದೂ ಆಗುತ್ತದೆ.

ವರ್ಷ ಹಾಳಾಗುವುದೇ?

ಎಸ್‌ಎಸ್‌ಎಲ್‌ಸಿ, ಪಿಯುಸಿ ನಡುವೆ ಉಸಿರು ಬಿಗಿಹಿಡಿದ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. ಅಂಕಪಟ್ಟಿಯ ಲೆಕ್ಕದಲ್ಲಿ ಒಂದು ವರ್ಷ ತಡವಾಗಬಹುದು. ಆದರೆ ತನ್ನದಲ್ಲದ ಮನೆಯಲ್ಲಿ ಪ್ರೀತಿ ಗಳಿಸಿ ಬಾಳಿದ ಹದಿನಾರರ ಹುಡುಗಿಗೆ ಮುಂದೆ ಯಾವ ಊರೂ ಪರವೂರಲ್ಲ. ಆ ಕಲಿಕೆಗೆ ಒಂದು ವರ್ಷದ ಬೆಲೆ ಹೆಚ್ಚಲ್ಲ ಎಂದು ನಾನು ನಂಬುತ್ತೇನೆ.

ಮರಳಿ ಬಂದ ಮೊದಲ ಬೆಳಿಗ್ಗೆ ಅಮ್ಮ ತಟ್ಟೆಗೆ ಇನ್ನೊಂದು ದೋಸೆ ಹಾಕುತ್ತಾಳೆ. ‘ಬೇಡ ಅಂದೆನಲ್ಲಮ್ಮಾ’ ಎಂದು ಮಗಳು ಸಿಡುಕುತ್ತಾಳೆ. ಎರಡನೇ ಬಟ್ಟಲು ಅಲ್ಲಿ ಶುರು. ಅಮ್ಮನ ಮುಖ ನೋಡಿ, ಸುಮ್ಮನೆ ತಿನ್ನುತ್ತಾಳೆ.

ಅತ್ತ ಅಮೆರಿಕದ ಮನೆಗೆ ಯಾರೋ ಊಟಕ್ಕೆ ಬಂದಿದ್ದಾರೆ. ಅವರು ಬೇಡ ಎನ್ನುತ್ತಾರೆ. ಹೋಸ್ಟ್ ತಾಯಿ ಪಾತ್ರೆಯನ್ನು ಮುಂದೆ ಸಾಗಿಸದೆ ಒಂದು ಕ್ಷಣ ತಡೆದು, ಇನ್ನೊಂದು ಸಲ ಕೇಳುತ್ತಾರೆ.