ಅಮ್ಮನಿಗೂ ಒಂದು ಮಂಚ

1950ರ ದಶಕ. ಅಮೃತಸರದ ಮಾನಸಿಕ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳು ಎದ್ದವು. ಆಸ್ಪತ್ರೆ ತುಂಬಿ ತುಳುಕುತ್ತಿತ್ತು, ನೋಡಿಕೊಳ್ಳುವ ಸಿಬ್ಬಂದಿ ಸಾಲದು. ಅಲ್ಲಿನ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೇ ಕರೆದು, ನೀವೂ ಇಲ್ಲೇ ಉಳಿಯಿರಿ ಎಂದರು. ಮನೆಯವರು ಡೇರೆಯಲ್ಲಿ ತಮ್ಮವರ ಜೊತೆಗೇ ಇದ್ದು ನೋಡಿಕೊಂಡರು. ವೈದ್ಯರು ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಈ ಕಾಯಿಲೆ ಎಂದರೆ ಏನು, ಊರಿಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂದು ತಿಳಿಸಿ ಹೇಳಿದರು. ಹಾಗೆ ಬಂದವರು ಬೇಗ ಚೇತರಿಸಿಕೊಂಡು ಮನೆ ಸೇರಿದರು. ಅದಕ್ಕಿಂತ ದೊಡ್ಡ ಮಾತೆಂದರೆ, ಮನೆಯವರು ಅವರನ್ನು ಕೈಬಿಡಲಿಲ್ಲ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮನೋರೋಗ ವಿಭಾಗವೂ ಇದೇ ದಾರಿ ಹಿಡಿಯಿತು. ದಾಖಲಾದವರ ಜೊತೆ ಮನೆಯ ಒಬ್ಬರು ಇರಲೇಬೇಕೆಂಬುದು ಅಲ್ಲಿನ ಪದ್ಧತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರವೇ ಇದೆ. ಅಲ್ಲಿ ಮಗನೊಬ್ಬನನ್ನೇ ಅಲ್ಲ, ಮನೆಮಂದಿಯನ್ನೇ ಚಿಕಿತ್ಸೆಗೆ ಕೂರಿಸುತ್ತಾರೆ. ಅಪ್ಪ ಬಾಯಿ ತೆರೆದರೆ ಮಗ ಯಾಕೆ ಎದ್ದು ಹೋಗುತ್ತಾನೆ, ಅಮ್ಮ ಯಾರಿಗೆ ಹೆದರಿ ಏನನ್ನು ಮುಚ್ಚಿಡುತ್ತಾಳೆ ಎಂಬುದು ಅಲ್ಲಿ ಮಾತ್ರೆಯಷ್ಟೇ ಮುಖ್ಯ. ಮಕ್ಕಳ ವಾರ್ಡಿನಲ್ಲಿ ತಂದೆಯೋ ತಾಯಿಯೋ ಜೊತೆಗಿರುತ್ತಾರೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹದಿನಾರರ ಹುಡುಗ ಕಾಲೇಜು ಬಿಟ್ಟಿದ್ದಾನೆ, ಗಾಂಜಾ ಸೇದುತ್ತಾನೆ, ಇಲ್ಲವೇ ಇಡೀ ರಾತ್ರಿ ಮೊಬೈಲು ಹಿಡಿದು ಹಗಲೆಲ್ಲ ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಮಗಳು ಕೈ ಕೊಯ್ದುಕೊಂಡಿದ್ದಾಳೆ. ಬಂಧುಗಳು ಒಂದೊಂದು ವಿಳಾಸ ಕೊಡುತ್ತಾರೆ. 'ಮೂರು ತಿಂಗಳು ಬಿಟ್ಟುಹೋಗಿ, ನೋಡಲು ಬರಬೇಡಿ, ಫೋನ್ ಮಾಡಬೇಡಿ, ಸರಿಮಾಡಿ ಕಳಿಸುತ್ತೇವೆ' ಎನ್ನುವ ಜಾಗಗಳೂ ಅದರಲ್ಲಿರುತ್ತವೆ. ಸೋತು ಸುಣ್ಣವಾದ ಅಪ್ಪ ಅಮ್ಮನಿಗೆ ಆ ಮಾತು ಭರವಸೆಯಂತೆ ಕೇಳಿಸುತ್ತದೆ. ಬಾಗಿಲು ಮುಚ್ಚಿಕೊಳ್ಳುವ ಅಂಥ ಜಾಗಕ್ಕೆ ಮಕ್ಕಳನ್ನು ಒಪ್ಪಿಸಬೇಡಿ.

ಅಮೆರಿಕದಲ್ಲಿ ಇಂಥ ವಸತಿ ಕಾರ್ಯಕ್ರಮಗಳು ದೊಡ್ಡ ಉದ್ಯಮವಾಗಿಯೇ ಬೆಳೆದಿವೆ. ತಂದೆತಾಯಿಯ ಒಪ್ಪಿಗೆಯ ಮೇಲೆ ಬಾಡಿಗೆಯ ಜನ ನಡುರಾತ್ರಿ ಬಂದು ಮಕ್ಕಳನ್ನು ಹಾಸಿಗೆಯಿಂದೆಬ್ಬಿಸಿ ಕರೆದೊಯ್ಯುತ್ತಿದ್ದರು. ತಾನೂ ಹಾಗೆ ಹೋದವಳೆಂದು ಟಿವಿ ತಾರೆ ಪ್ಯಾರಿಸ್ ಹಿಲ್ಟನ್ 2021ರಲ್ಲಿ ಯೂಟಾ ರಾಜ್ಯದ ಶಾಸಕರ ಮುಂದೆ ಸಾಕ್ಷಿ ಹೇಳಿದರು. ಇಂಥ ಸಂಸ್ಥೆಗಳಲ್ಲಿ ಮಕ್ಕಳ ಮೇಲಾಗುವ ದೌರ್ಜನ್ಯದ ಬಗ್ಗೆ ಅಲ್ಲಿನ ಕೇಂದ್ರ ಸರ್ಕಾರದ ಮಟ್ಟದಲ್ಲಿ ಕಾನೂನು ಬಂದದ್ದು 2024ರ ಡಿಸೆಂಬರಿನಲ್ಲಿ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರ 87ನೇ ಕಲಮನ್ನು ಪ್ರತಿ ತಂದೆತಾಯಿ ತಿಳಿದಿರಬೇಕು. ಹದಿನೆಂಟು ತುಂಬದ ಮಗುವನ್ನು ದಾಖಲಿಸುವ ಮುನ್ನ ಇಬ್ಬರು ಪರಿಣತರು, ಅವರಲ್ಲಿ ಒಬ್ಬರಾದರೂ ಮನೋವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಿ ಇದು ಅಗತ್ಯವೆಂದು ಒಪ್ಪಬೇಕು. ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡಲು ಸಾಧ್ಯವೇ ಎಂದು ಮೊದಲು ನೋಡಿರಬೇಕು. ಮಕ್ಕಳನ್ನು ದೊಡ್ಡವರ ಜೊತೆ ಇರಿಸುವಂತಿಲ್ಲ. ದಾಖಲಾದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಮಂಡಳಿಯವರು ಬಂದು ಮಗುವನ್ನು ಮಾತಾಡಿಸಬಹುದು. ವಾಸ 30 ದಿನಕ್ಕೆ ಮುಟ್ಟಿದರೆ ಮತ್ತೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಾಖಲಾದ ದಿನದಿಂದ ಬಿಡುಗಡೆಯ ದಿನದವರೆಗೂ ಮನೆಯ ಕಡೆಯವರೊಬ್ಬರು ಜೊತೆಗಿರಲೇಬೇಕು. ಅಮೃತಸರದ ಡೇರೆಯಲ್ಲಿ ಶುರುವಾದ ಪದ್ಧತಿ ಮಕ್ಕಳ ಪಾಲಿಗೆ ಕಾನೂನೇ ಆಗಿದೆ. ಕುಡಿತ, ಮಾದಕ ವಸ್ತುಗಳಿಂದ ಬರುವ ಮನೋಸಮಸ್ಯೆಗಳೂ ಈ ಕಾಯ್ದೆಯೊಳಗೇ ಬರುತ್ತವೆ. ಹಾಗಾಗಿ 'ನಮ್ಮದು ಆಸ್ಪತ್ರೆಯಲ್ಲ, ವ್ಯಸನಮುಕ್ತಿ ಕೇಂದ್ರ' ಎಂಬ ಜಾರಿಕೆಯ ಉತ್ತರಕ್ಕೆ ತಲೆಯಾಡಿಸಿ ಬರಬೇಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ.

ಪತ್ರ ನೋಡಿದರಷ್ಟೇ ಸಾಲದು. ಊಟದ ಹೊತ್ತಿಗೆ ಹೋಗಿ, ಅಲ್ಲಿರುವವರು ಏನು ಉಣ್ಣುತ್ತಾರೆ ನೋಡಿ. ಮನೋವೈದ್ಯರು ವಾರದಲ್ಲಿ ಯಾವ ದಿನ ಬರುತ್ತಾರೆ, ಆಪ್ತಸಮಾಲೋಚಕರು ಏನು ಓದಿದ್ದಾರೆ, ಹುಡುಗ ಸಿಟ್ಟಿಗೆದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಅವರ ಮುಖ ನೋಡಿ. ಸರಪಳಿ ಹಾಕುವುದನ್ನು, ಶಿಕ್ಷೆಗೆಂದು ಕಟ್ಟಿಹಾಕುವುದನ್ನು ಕಾಯ್ದೆ ನಿಷೇಧಿಸಿದೆ.

ಎಷ್ಟೋ ಸಲ ವಸತಿ ಚಿಕಿತ್ಸೆಯೇ ಬೇಕಿರುವುದಿಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಏರ್ಪಾಡಾಗಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರ. ಮೊಬೈಲು, ಆನ್‌ಲೈನ್ ಆಟದ ಗೀಳಿಗೆಂದೇ ನಿಮ್ಹಾನ್ಸ್ 2014ರಿಂದ 'ಶಟ್' ಕ್ಲಿನಿಕ್ ನಡೆಸುತ್ತಿದೆ.

ಹದಿನೆಂಟು ದಾಟಿದವರ ಲೆಕ್ಕ ಬೇರೆ. ತಾನೇ ಒಪ್ಪಿ ಸೇರಿದವನನ್ನು, ಹೊರಡುತ್ತೇನೆಂದರೆ ಸಾಮಾನ್ಯವಾಗಿ ತಡೆಯುವಂತಿಲ್ಲ. ತೀವ್ರ ಕಾಯಿಲೆಯಿಂದ ಎದ್ದು, ಮನೆಗೆ ಮರಳಲು ಇನ್ನೂ ಕಾಲು ಗಟ್ಟಿಯಾಗದ ತರುಣರಿಗೆ ಹಾಫ್‌ವೇ ಹೋಮ್‌ಗಳಿವೆ. 1959ರಲ್ಲಿ ಲಂಡನ್ ಮಗ್ಗುಲಿನ ರಿಚ್‌ಮಂಡ್‌ನಲ್ಲಿ ಎಲಿ ಯಾನ್ಸೆನ್ ಎಂಬ ಡಚ್ ಮಹಿಳೆ ತೆರೆದ ಮನೆಯಿಂದ ಬೆಳೆದ ರಿಚ್‌ಮಂಡ್ ಫೆಲೋಶಿಪ್, ಬೆಂಗಳೂರಿನಲ್ಲಿ 'ಆಶಾ' ಎಂಬ ಇಂಥ ಮನೆಯನ್ನು ಕಟ್ಟಿತು. ಅಡುಗೆ, ಗುಡಿಸುವುದು, ಅಂಗಡಿಗೆ ಹೋಗಿಬರುವುದು, ಎಲ್ಲ ಕೂತು ಮಾತಾಡುವುದು ಇಂಥ ಮನೆಗಳಲ್ಲಿ ಚಿಕಿತ್ಸೆಯ ಭಾಗವೇ.

ಜೊತೆಗಿರುವುದು ಕೂಲಿಗೆ ಹೋಗುವ ಮನೆಗೆ ಸುಲಭವಲ್ಲ, ಬಲ್ಲೆ. ಆದರೆ ಕಾಯ್ದೆ ತಾಯಿಯೇ ಇರಬೇಕೆನ್ನುವುದಿಲ್ಲ. ಮಗುವಿನ ಪರವಾಗಿ ನಿಂತವರು ಇನ್ನೊಬ್ಬರನ್ನು ನೇಮಿಸಬಹುದು. ಹೆಣ್ಣುಮಗುವಾಗಿದ್ದು ಅಪ್ಪನೇ ಮುಂದೆ ನಿಂತಿದ್ದರೆ, ಜೊತೆಗಿರಲು ಹೆಂಗಸೊಬ್ಬರನ್ನು ನೇಮಿಸಲೇಬೇಕು. ಅಜ್ಜಿ, ಚಿಕ್ಕಮ್ಮ, ಸೋದರಮಾವ, ಮಗು ಯಾರ ಮಾತು ಕೇಳುತ್ತದೋ ಅವರನ್ನು ವಿಚಾರಿಸಿ, ಯಾವ ವಾರ ಯಾರು ಎಂಬ ಸರದಿಯನ್ನು ದಾಖಲು ಮಾಡುವ ಮುನ್ನವೇ ಗೊತ್ತುಮಾಡಿಕೊಂಡು, ವಾರ್ಡಿನವರಿಗೂ ಮಗುವಿಗೂ ತಿಳಿಸಿಬಿಡಿ.