ಹೋಟೆಲಿನ ಕೊಸರು: ಎಲೈಟ್ ದರ್ಜೆಯ ಲಾಭ ನಷ್ಟದ ಲೆಕ್ಕ

ಸಂತೆಯಲ್ಲಿ ತರಕಾರಿ ತೂಗಿ ಕೊಟ್ಟ ಮೇಲೆ ಗಿರಾಕಿಯ ಚೀಲಕ್ಕೆ ಒಂದು ಹಿಡಿ ಹುರುಳಿಕಾಯಿಯನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಹೆಚ್ಚಿಗೆ ಹಾಕುವುದು ನಮ್ಮ ನಾಡಿನ ಹಳೆಯ ಪದ್ಧತಿ. ಅದಕ್ಕೆ ಕೊಸರು ಎಂದು ಹೆಸರು. ಕೊಸರಿನ ಬೆಲೆ ಅಲ್ಪ. ಆದರೆ ಅದನ್ನು ಪಡೆದ ಗಿರಾಕಿ ಮುಂದಿನ ವಾರವೂ ಅದೇ ಅಂಗಡಿಯ ಮುಂದೆ ನಿಲ್ಲುತ್ತಾನೆ. ಇಂದು ಬಹುರಾಷ್ಟ್ರೀಯ ಹೋಟೆಲ್ ಸಮೂಹಗಳು ಖಾಯಂ ಅತಿಥಿಗಳಿಗೆ ನೀಡುತ್ತಿರುವ ಪಾಯಿಂಟುಗಳು ಮತ್ತು ಎಲೈಟ್ ದರ್ಜೆಗಳು ಇದೇ ಕೊಸರಿನ ವಿಸ್ತೃತ ರೂಪ. ಈ ಕೊಸರನ್ನು ಪಡೆಯುವುದು ತಪ್ಪಲ್ಲ. ಕೊಸರಿಗಾಗಿಯೇ ಬೇಡವಾದ ಸರಕನ್ನು ಕೊಳ್ಳುವುದು ಮಾತ್ರ ವ್ಯಾಪಾರಿಗೆ ಶೋಭಿಸುವುದಿಲ್ಲ.

ಈ ವಿಷಯ ದೊಡ್ಡ ಕಂಪನಿಗಳ ಅಧಿಕಾರಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಕಾಲ ಕಳೆದಿದೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕು ಒಂದು ಕಾಲಕ್ಕೆ ಹೆಂಚು ಮತ್ತು ಇಟ್ಟಿಗೆಗೆ ಮಾತ್ರ ಹೆಸರಾಗಿತ್ತು. ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶ ಬೆಳೆದು, 2013ರಲ್ಲಿ ನೆರೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದ ಮೇಲೆ ಬಿಡಿಭಾಗ, ಪ್ಯಾಕಿಂಗ್, ಎಂಜಿನಿಯರಿಂಗ್ ಕೆಲಸಗಳ ಅವಕಾಶವೂ ವಿಸ್ತರಿಸಿತು. ಲಕ್ಕೂರು ಹೋಬಳಿಯಂತಹ ಗ್ರಾಮೀಣ ಕೇಂದ್ರದಿಂದ ವ್ಯವಹಾರ ನಡೆಸುವ ಕಿರು ಉತ್ಪಾದಕನೂ ಇಂದು ಆರ್ಡರಿಗಾಗಿ ಪುಣೆಗೆ, ಬಾಕಿ ವಸೂಲಿಗಾಗಿ ಚೆನ್ನೈಗೆ, ಯಂತ್ರ ನೋಡಲು ಮುಂಬಯಿ, ದೆಹಲಿಗಳಿಗೆ ಹೋಗಬೇಕಾಗಿದೆ. ವರ್ಷಕ್ಕೆ ಇಪ್ಪತ್ತು ಮೂವತ್ತು ರಾತ್ರಿ ಹೋಟೆಲಿನಲ್ಲಿ ಕಳೆಯುವ ಉದ್ಯಮಿಗೆ ಆ ವೆಚ್ಚ ಗಣನೀಯವಾದದ್ದು.

ಯೋಜನೆಗಳ ಹಿನ್ನೆಲೆ

ಇಂತಹ ಯೋಜನೆಗಳಿಗೆ ಮಾದರಿ ದೊರೆತದ್ದು ವಿಮಾನ ಸಂಸ್ಥೆಗಳಿಂದ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಖಾಯಂ ಪ್ರಯಾಣಿಕರಿಗಾಗಿ ಮೈಲಿಗಳ ಲೆಕ್ಕವನ್ನು ಆರಂಭಿಸಿತು. 1983ರಲ್ಲಿ ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಸಂಸ್ಥೆಗಳು, 1987ರಲ್ಲಿ ಹಿಲ್ಟನ್ ಇದನ್ನು ಹೋಟೆಲ್ ಉದ್ಯಮಕ್ಕೆ ತಂದವು. 1999ರಲ್ಲಿ ಬಂದ ಸ್ಟಾರ್‌ವುಡ್ ಸಂಸ್ಥೆಯ ಯೋಜನೆಯು ಅತಿಥಿಗಳ ಮೆಚ್ಚುಗೆ ಗಳಿಸಿತ್ತು. 2016ರಲ್ಲಿ ಸ್ಟಾರ್‌ವುಡ್ ಸಂಸ್ಥೆಯನ್ನು ಮ್ಯಾರಿಯಟ್ ಕೊಂಡುಕೊಂಡಿತು. 2018ರಲ್ಲಿ ಎರಡರ ಯೋಜನೆಗಳೂ ಒಂದಾಗಿ, 2019ರಲ್ಲಿ ಮ್ಯಾರಿಯಟ್ ಬಾನ್‌ವಾಯ್ ಎಂಬ ಹೆಸರು ಪಡೆದವು. ಭಾರತದಲ್ಲಿ ತಾಜ್ ಸಮೂಹದ ಇನ್ನರ್ ಸರ್ಕಲ್ ಯೋಜನೆಯು 2022ರಲ್ಲಿ ಟಾಟಾ ನ್ಯೂ ವ್ಯವಸ್ಥೆಯೊಡನೆ ಸೇರಿತು. ಅಲ್ಲಿ ಒಂದು ನ್ಯೂಕಾಯಿನ್ ಒಂದು ರೂಪಾಯಿಗೆ ಸಮ.

ಪಾಯಿಂಟು ಮತ್ತು ದರ್ಜೆ ಎರಡೂ ಬೇರೆ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಪಾಯಿಂಟು ಖರ್ಚು ಮಾಡಿದ ಹಣಕ್ಕೆ ದೊರೆಯುವಂಥದು, ಮುಂದೆ ಕೊಠಡಿಗಾಗಿ ಬಳಸಿದರೆ ಮುಗಿದುಹೋಗುತ್ತದೆ. ದರ್ಜೆಯು ಒಂದು ಕ್ಯಾಲೆಂಡರ್ ವರ್ಷದಲ್ಲಿ ತಂಗಿದ ರಾತ್ರಿಗಳ ಸಂಖ್ಯೆಯನ್ನು ಮುಖ್ಯವಾಗಿ ಅವಲಂಬಿಸಿದೆ. ಮ್ಯಾರಿಯಟ್‌ನಲ್ಲಿ 10 ರಾತ್ರಿಗೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ ದರ್ಜೆ ದೊರೆಯುತ್ತದೆ. ಹಾಲಿಡೇ ಇನ್ ಒಳಗೊಂಡ ಐಎಚ್‌ಜಿ ಸಮೂಹದಲ್ಲಿ 10, 20, 40 ಮತ್ತು 70 ರಾತ್ರಿಗಳು, ಹಯಾತ್‌ನಲ್ಲಿ 10, 30 ಮತ್ತು 60 ರಾತ್ರಿಗಳು ಮೆಟ್ಟಿಲುಗಳಾಗಿವೆ.

ಗಳಿಸುವ ಬಗೆ

ವರ್ಷಕ್ಕೆ 28 ರಾತ್ರಿ ಹೊರಗೆ ತಂಗುವ ಒಬ್ಬ ಉತ್ಪಾದಕನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆತ ನಾಲ್ಕು ಸಮೂಹಗಳ ಹೋಟೆಲುಗಳಲ್ಲಿ ತಲಾ ಏಳು ರಾತ್ರಿ ಕಳೆದರೆ ಯಾವುದರಲ್ಲಿಯೂ ಮೊದಲ ಮೆಟ್ಟಿಲನ್ನೂ ಏರುವುದಿಲ್ಲ. ಅದೇ ರಾತ್ರಿಗಳನ್ನು ಮ್ಯಾರಿಯಟ್ ಅಥವಾ ಐಎಚ್‌ಜಿಯಂತಹ ಒಂದೇ ಸಮೂಹದಲ್ಲಿ ಕಳೆದರೆ ಎರಡನೆಯ ದರ್ಜೆ ತಾನಾಗಿಯೇ ಬರುತ್ತದೆ. ಹಂಚಿಹೋಗುವ ಖರ್ಚನ್ನು ಒಂದೆಡೆಗೆ ತರುವುದೇ ಈ ವಿದ್ಯೆಯ ತಿರುಳು. ಅದಕ್ಕೆ ಕೆಲವು ನಿಯಮಗಳು ತಿಳಿದಿರಬೇಕು.

1. ಕೊಠಡಿಯನ್ನು ಹೋಟೆಲ್ ಸಮೂಹದ ಮೂಲಕವೇ ಕಾದಿರಿಸಬೇಕು. ಮಧ್ಯವರ್ತಿ ಜಾಲತಾಣಗಳ ಮೂಲಕ ಕಾದಿರಿಸಿದ ರಾತ್ರಿಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಮಧ್ಯವರ್ತಿಯ ದರ ಬಹಳ ಕಡಿಮೆಯಿದ್ದರೆ ರಾತ್ರಿಯ ಆಸೆ ಬಿಟ್ಟು ಹಣ ಉಳಿಸುವುದೇ ಲೇಸು.

2. ಸದಸ್ಯತ್ವ ವ್ಯಕ್ತಿಯದು, ಸಂಸ್ಥೆಯದಲ್ಲ. ಸದಸ್ಯ ಸ್ವತಃ ತಂಗಬೇಕು. ಮ್ಯಾರಿಯಟ್‌ನಲ್ಲಿ ಸದಸ್ಯನು ಒಂದು ಕೊಠಡಿಯಲ್ಲಿ ತಂಗಿ, ಮೂರು ಕೊಠಡಿಗಳವರೆಗೆ ತಾನೇ ಹಣ ಪಾವತಿಸಿದರೆ ಅಷ್ಟಕ್ಕೂ ಪಾಯಿಂಟು ಸಿಗುತ್ತದೆ. ದರ್ಜೆಯ ಲೆಕ್ಕಕ್ಕೆ ಬರುವುದು ಒಂದೇ ಕೊಠಡಿಯ ರಾತ್ರಿ.

3. ಕ್ರೆಡಿಟ್ ಕಾರ್ಡ್ ಒಂದು ಅಡ್ಡದಾರಿ. 2023ರ ಆಗಸ್ಟ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಮ್ಯಾರಿಯಟ್ ಜಂಟಿಯಾಗಿ ಹೊರತಂದ ಕಾರ್ಡಿನ ವಾರ್ಷಿಕ ಶುಲ್ಕ 3,000 ರೂಪಾಯಿ ಮತ್ತು ತೆರಿಗೆ ಎಂದಿತ್ತು. ಅದರೊಡನೆ ಸಿಲ್ವರ್ ದರ್ಜೆ, ಲೆಕ್ಕಕ್ಕೆ ಬರುವ 10 ರಾತ್ರಿಗಳು ಹಾಗೂ ಮಿತಿಗೊಳಪಟ್ಟ ಒಂದು ಉಚಿತ ರಾತ್ರಿಯನ್ನು ಘೋಷಿಸಲಾಗಿತ್ತು. 15 ರಾತ್ರಿ ತಂಗುವವನು ಇದರಿಂದ ಗೋಲ್ಡ್ ತಲುಪಬಹುದು. ಕಾರ್ಡಿನ ಬಾಕಿಯನ್ನು ತಿಂಗಳು ತಿಂಗಳು ಪೂರ್ಣವಾಗಿ ತೀರಿಸದಿದ್ದರೆ ಬಡ್ಡಿಯು ಕೊಸರನ್ನಷ್ಟೇ ಅಲ್ಲ, ಅಸಲನ್ನೂ ನುಂಗುತ್ತದೆ.

ಉಳಿಸಿಕೊಳ್ಳುವ ಬಗೆ

ಮ್ಯಾರಿಯಟ್‌ನಲ್ಲಿ ಒಂದು ವರ್ಷ ಗಳಿಸಿದ ದರ್ಜೆಯು ಆ ವರ್ಷದ ಉಳಿದ ಭಾಗ, ಮುಂದಿನ ಇಡೀ ವರ್ಷ ಮತ್ತು ಅದರ ನಂತರದ ಫೆಬ್ರವರಿ ಅಂತ್ಯದವರೆಗೆ ಇರುತ್ತದೆ. ಏಪ್ರಿಲ್‌ನಲ್ಲಿ ದರ್ಜೆ ತಲುಪಿದವನಿಗೆ ಸುಮಾರು 22 ತಿಂಗಳು ಪ್ರಯೋಜನವಿದ್ದರೆ, ಡಿಸೆಂಬರ್ ಕೊನೆಯಲ್ಲಿ ತಲುಪಿದವನಿಗೆ 14 ತಿಂಗಳು ಮಾತ್ರ. ಹೀಗಾಗಿ ಮುಂದೂಡಲಾಗದ ಪ್ರಯಾಣಗಳನ್ನು ವರ್ಷದ ಮೊದಲ ಭಾಗದಲ್ಲಿ ಮುಗಿಸುವುದು ಜಾಣತನ. ಎರಡು ವರ್ಷ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಪಾಯಿಂಟುಗಳು ರದ್ದಾಗುತ್ತವೆ. ಪ್ರತಿ ವರ್ಷ 25 ರಾತ್ರಿಯಂತೆ 16 ವರ್ಷ ತಂಗಿದವನು 400 ರಾತ್ರಿ ಪೂರೈಸುತ್ತಾನೆ. ಕನಿಷ್ಠ ಏಳು ವರ್ಷ ಗೋಲ್ಡ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯಲ್ಲಿದ್ದು ಇಷ್ಟು ರಾತ್ರಿ ಪೂರೈಸಿದವರಿಗೆ ಆಜೀವ ಗೋಲ್ಡ್ ದರ್ಜೆ ನೀಡುವ ಕ್ರಮವಿದೆ.

ಲಾಭವೆಷ್ಟು, ವೆಚ್ಚವೆಷ್ಟು?

ಮ್ಯಾರಿಯಟ್‌ನ ಬಹುತೇಕ ಹೋಟೆಲುಗಳಲ್ಲಿ ಒಂದು ಡಾಲರ್ ಖರ್ಚಿಗೆ 10 ಪಾಯಿಂಟು. ಲೆಕ್ಕದ ಅನುಕೂಲಕ್ಕಾಗಿ ಡಾಲರಿಗೆ 90 ರೂಪಾಯಿ, ಪಾಯಿಂಟಿಗೆ 50 ಪೈಸೆ ಮೌಲ್ಯ ಎಂದು ಇಟ್ಟುಕೊಳ್ಳಬಹುದು. ರಾತ್ರಿಗೆ 6,000 ರೂಪಾಯಿಯಂತೆ 25 ರಾತ್ರಿಗೆ ತೆರಿಗೆ ಬಿಟ್ಟು 1,50,000 ರೂಪಾಯಿ ಖರ್ಚಾದರೆ, ದರ್ಜೆಯ ಹೆಚ್ಚುವರಿ ಹೊರತುಪಡಿಸಿ ಸುಮಾರು 16,667 ಪಾಯಿಂಟು, ಅಂದರೆ 8,333 ರೂಪಾಯಿ ಮೌಲ್ಯ ಬರುತ್ತದೆ. ಇದು ಶೇಕಡ ಐದೂವರೆಯಷ್ಟು ರಿಯಾಯಿತಿ. ಹೇಗೂ ಆ ದರದ ಹೋಟೆಲಿನಲ್ಲಿ ತಂಗುವವನಿಗೆ ಇದು ನಿಜವಾದ ಲಾಭ.

ಆದರೆ 3,000 ರೂಪಾಯಿಯ ಶುಚಿಯಾದ ಲಾಡ್ಜಿನಲ್ಲಿ ತಂಗುತ್ತಿದ್ದವನು ದರ್ಜೆಯ ಆಸೆಯಿಂದ 6,000 ರೂಪಾಯಿಯ ಕೊಠಡಿಗೆ ಬದಲಾಯಿಸಿದರೆ, 8,333 ರೂಪಾಯಿಯ ಕೊಸರಿಗಾಗಿ 75,000 ರೂಪಾಯಿ ಹೆಚ್ಚು ತೆತ್ತಂತಾಯಿತು. ಮಾರಾಟದ ಹಣ ಅರವತ್ತು ತೊಂಬತ್ತು ದಿನ ದೊಡ್ಡ ಖರೀದಿದಾರರ ಬಳಿ ನಿಂತಿರುವಾಗ, ಇಲ್ಲಿ ಸೋರಿಹೋದದ್ದು ಬ್ಯಾಂಕಿನಿಂದ ಬಡ್ಡಿಗೆ ತಂದ ದುಡಿಯುವ ಬಂಡವಾಳ. ಕೆಲವು ಕಾರ್ಮಿಕರ ಒಂದು ತಿಂಗಳ ಸಂಬಳಕ್ಕೆ ಒದಗಬೇಕಾದ ಮೊತ್ತವದು.

ವರ್ಷಾಂತ್ಯದ ಆಮಿಷ ಇನ್ನೂ ಅಪಾಯಕಾರಿ. ಡಿಸೆಂಬರ್ ಮಧ್ಯದಲ್ಲಿ ಒಬ್ಬನ ಲೆಕ್ಕದಲ್ಲಿ 44 ರಾತ್ರಿಗಳಿವೆ ಎನ್ನೋಣ. ಪ್ಲಾಟಿನಂಗೆ ಆರು ರಾತ್ರಿ ಕಡಿಮೆ. ಲಕ್ಕೂರಿನಲ್ಲಿ ಸ್ವಂತ ಮನೆಯಿರುವ ಈ ವ್ಯಕ್ತಿ, ಕೆಲಸವಿಲ್ಲದಿದ್ದರೂ ವೈಟ್‌ಫೀಲ್ಡ್‌ಗೆ ಹೋಗಿ ಆರು ರಾತ್ರಿ ಹೋಟೆಲಿನಲ್ಲಿ ಮಲಗಿ ಬರುತ್ತಾನೆ. ರಾತ್ರಿಗೆ 5,000 ರೂಪಾಯಿ ಮತ್ತು ಶೇ. 5 ತೆರಿಗೆ ಸೇರಿ ಖರ್ಚು 31,500 ರೂಪಾಯಿ. ಗೋಲ್ಡ್ ದರ್ಜೆಯ ಶೇ. 25 ಹೆಚ್ಚುವರಿಯೂ ಸೇರಿ ಬರುವ ಪಾಯಿಂಟುಗಳ ಮೌಲ್ಯ ಸುಮಾರು 2,083 ರೂಪಾಯಿ. ಮರುವರ್ಷ 20 ದಿನ ತಲಾ 700 ರೂಪಾಯಿಯ ಉಪಾಹಾರ ಉಚಿತವಾಗಿ ದೊರೆತರೂ ಅದು 14,000 ರೂಪಾಯಿ. ಉಳಿದ 15,417 ರೂಪಾಯಿ ಸಂಜೆ ನಾಲ್ಕರವರೆಗೆ ಕೊಠಡಿ, ಲೌಂಜ್ ಪ್ರವೇಶ ಮತ್ತು ಸ್ವಾಗತಕಟ್ಟೆಯಲ್ಲಿ ಹೆಸರು ಹಿಡಿದು ಮಾತನಾಡಿಸುವ ಗೌರವಕ್ಕೆ ಕೊಟ್ಟ ಬೆಲೆ. ತಿಂಗಳಿಗೆ ಮೂರು ಬಾರಿ ರಾತ್ರಿ ವಿಮಾನ ಹಿಡಿಯುವವನಿಗೆ ತಡವಾಗಿ ಕೊಠಡಿ ಬಿಡುವ ಅನುಕೂಲವು ಆ ಬೆಲೆ ಬಾಳೀತು. ಉಳಿದವರಿಗೆ ಬಾಳದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ತೆರಿಗೆಯ ದೃಷ್ಟಿ

ಆದಾಯ ತೆರಿಗೆಯಲ್ಲಿ ವೆಚ್ಚವು ಸಂಪೂರ್ಣವಾಗಿ ವ್ಯವಹಾರಕ್ಕೆಂದೇ ಆಗಿರಬೇಕು. ದರ್ಜೆಗಾಗಿ ಮಲಗಿದ ಆರು ರಾತ್ರಿಗಳ ಬಿಲ್ಲನ್ನು ಪ್ರಯಾಣ ವೆಚ್ಚದ ಖಾತೆಗೆ ಹಾಕಿದರೆ, ಯಾರನ್ನು ಭೇಟಿಯಾಗಲು ಹೋದದ್ದೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅದು ಮಾಲೀಕನ ಸ್ವಂತ ಖರ್ಚು. ಅಲ್ಲದೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಪಾವತಿಸಿದ ವೆಚ್ಚವನ್ನು ಸಾಮಾನ್ಯವಾಗಿ ಮಾನ್ಯ ಮಾಡಲಾಗುವುದಿಲ್ಲ.

ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇ. 5 ತೆರಿಗೆ, ಅದನ್ನು ಮೀರಿದರೆ ಶೇ. 18. 7,400 ರೂಪಾಯಿ ಕೊಠಡಿಯ ಒಟ್ಟು ಬಿಲ್ 7,770 ರೂಪಾಯಿ. 8,000 ರೂಪಾಯಿ ಕೊಠಡಿಯದು 9,440 ರೂಪಾಯಿ. ಕೊಠಡಿ ದರದ 600 ರೂಪಾಯಿ ವ್ಯತ್ಯಾಸವು ಬಿಲ್ಲಿನಲ್ಲಿ 1,670 ರೂಪಾಯಿಯಾಗುತ್ತದೆ. ಹೋಟೆಲ್ ಯಾವ ರಾಜ್ಯದಲ್ಲಿದೆಯೋ ಅದೇ ಪೂರೈಕೆಯ ಸ್ಥಳವಾದ್ದರಿಂದ, ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವ ಸಂಸ್ಥೆಗೆ ಮುಂಬಯಿ ಹೋಟೆಲಿನ ತೆರಿಗೆಯ ಜಮೆ ಸಿಗುವುದಿಲ್ಲ. ತೆರಿಗೆ ಬೀಳುವುದು ವಾಸ್ತವವಾಗಿ ವಸೂಲಾದ ದರದ ಮೇಲೆ. ದರ್ಜೆಯ ನಿಜವಾದ ಬಲ ಕಾಣುವುದು ಇಲ್ಲಿಯೇ. 7,500ರೊಳಗಿನ ಕೊಠಡಿ ಹಿಡಿದು, ಖಾಲಿಯಿದ್ದಾಗ ಉಚಿತವಾಗಿ ದೊಡ್ಡ ಕೊಠಡಿ ಪಡೆದವನಿಗೆ ದರವೂ ಏರುವುದಿಲ್ಲ, ತೆರಿಗೆಯೂ ಏರುವುದಿಲ್ಲ.

ಪಾಯಿಂಟು ಯಾರದು?

ಪಾಲುದಾರಿಕೆ ಸಂಸ್ಥೆಗಳು ಮತ್ತು ಕುಟುಂಬದ ಕಂಪನಿಗಳು ಈ ಪ್ರಶ್ನೆಯನ್ನು ಕಡೆಗಣಿಸಬಾರದು. ಹಣ ಸಂಸ್ಥೆಯದು, ಪಾಯಿಂಟು ಜಮೆಯಾಗುವುದು ಪ್ರಯಾಣ ಮಾಡಿದ ವ್ಯಕ್ತಿಯ ಹೆಸರಿಗೆ. ಇಬ್ಬರು ಸಹೋದರರ ಪಾಲುದಾರಿಕೆಯಲ್ಲಿ ಒಬ್ಬನು ಕಾರ್ಖಾನೆಯಲ್ಲಿ ಗೂಡಿನ ಬಿಸಿ ತಾಳಿ ಕೆಲಸ ಮಾಡಿಸುತ್ತ, ಇನ್ನೊಬ್ಬನು ಮಾರಾಟಕ್ಕಾಗಿ ಊರೂರು ತಿರುಗುತ್ತಿದ್ದರೆ, ಬೇಸಿಗೆ ರಜೆಯಲ್ಲಿ ಪಾಯಿಂಟುಗಳಿಂದ ಗೋವೆಗೆ ಹೋಗಿ ಬರುವ ಸಂಸಾರ ಎರಡನೆಯವನದೇ ಆಗಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಕಾಣದ ಇಂತಹ ಸಣ್ಣ ವಿಷಯಗಳೇ ಮುಂದೆ ಮನಸ್ತಾಪಕ್ಕೆ ಕಾರಣವಾಗುತ್ತವೆ. ಪಾಲುದಾರಿಕೆ ಪತ್ರದಲ್ಲಿ ಅಥವಾ ಆಡಳಿತ ಮಂಡಳಿಯ ನಿರ್ಣಯದಲ್ಲಿ ಎರಡು ಸಾಲು ಬರೆದರೆ ಸಾಕು: ಸಂಸ್ಥೆಯ ಹಣದಿಂದ ಬಂದ ಪಾಯಿಂಟುಗಳನ್ನು ಮೊದಲು ಸಂಸ್ಥೆಯ ಮುಂದಿನ ಪ್ರಯಾಣಕ್ಕೆ ಬಳಸತಕ್ಕದ್ದು, ದರ್ಜೆಯ ಸೌಲಭ್ಯ ಪ್ರಯಾಣಿಕನದು. ನೌಕರರಿಗೂ ಇದೇ ನಿಯಮವನ್ನು ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ ಗಿರಾಕಿಗೆ ಸಮೀಪದ ಹೋಟೆಲನ್ನು ಬಿಟ್ಟು ಪಾಯಿಂಟು ಸಿಗುವ ಹೋಟೆಲನ್ನೇ ಅವರು ಆರಿಸಿಕೊಂಡಾರು.

ಕೊಡುವವರ ಪುಸ್ತಕ

ಹೋಟೆಲ್ ಕಂಪನಿಗಳು ಬಳಕೆಯಾಗದ ಪಾಯಿಂಟುಗಳನ್ನು ತಮ್ಮ ಅಢಾವೆ ಪತ್ರಿಕೆಯಲ್ಲಿ ಹೊಣೆಯಾಗಿ ತೋರಿಸುತ್ತವೆ. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಲೆಕ್ಕಪತ್ರ ಮಾನಕದ ಪ್ರಕಾರ, ಪಾಯಿಂಟಿಗೆ ಸೇರಿದ ಆದಾಯದ ಭಾಗವನ್ನು ಮುಂದಿನ ಅವಧಿಗೆ ಕಾಯ್ದಿರಿಸಬೇಕು. ಅತಿಥಿ ಪಾಯಿಂಟು ಬಳಸದೆ ಮರೆತರೆ ಆ ಹೊಣೆ ಕರಗಿ ಆದಾಯವಾಗುತ್ತದೆ. ಇನ್ನು ಪಾಯಿಂಟಿನ ಕೊಳ್ಳುವ ಶಕ್ತಿಯನ್ನು ನಿರ್ಧರಿಸುವವರೂ ಅವರೇ. ಒಂದು ರಾತ್ರಿಗೆ ಇಂತಿಷ್ಟೇ ಪಾಯಿಂಟೆಂಬ ನಿಗದಿತ ಪಟ್ಟಿಯನ್ನು ಮ್ಯಾರಿಯಟ್ 2022ರಲ್ಲಿ ಕೈಬಿಟ್ಟು, ಬೇಡಿಕೆಗೆ ತಕ್ಕಂತೆ ಏರಿಳಿಯುವ ಕ್ರಮವನ್ನು ತಂದಿತು. ಪಾಯಿಂಟು ಬ್ಯಾಂಕಿನ ಠೇವಣಿಯಲ್ಲ. ಬಡ್ಡಿ ಬೆಳೆಯದ, ಬೆಲೆ ಇಳಿಯಬಹುದಾದ ಸರಕನ್ನು ಗೋದಾಮಿನಲ್ಲಿ ವರ್ಷಗಟ್ಟಲೆ ಇಡಲು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಗಳಿಸಿದ ಪಾಯಿಂಟನ್ನು ಬೇಗನೆ ಬಳಸುವುದೇ ಕ್ಷೇಮ.

ಒಟ್ಟಿನಲ್ಲಿ, ಪ್ರತಿ ಜನವರಿಯಲ್ಲಿ ಉದ್ಯಮಿಯು ಹಿಂದಿನ ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಎಲ್ಲಿ, ಎಷ್ಟು ರಾತ್ರಿ, ಯಾವ ಕೆಲಸಕ್ಕೆ ತಂಗಿದ್ದೆಂಬ ಪಟ್ಟಿ ಮಾಡಬೇಕು. ತಾನು ಹೋಗುವ ಊರುಗಳಲ್ಲಿ, ತನ್ನ ದರದ ಮಿತಿಯಲ್ಲಿ ಹೋಟೆಲುಗಳಿರುವ ಒಂದು ಸಮೂಹವನ್ನು ಆರಿಸಬೇಕು. ಆ ವರ್ಷದ ಕೆಲಸದ ರಾತ್ರಿಗಳು ಯಾವ ಮೆಟ್ಟಿಲಿಗೆ ಒಯ್ಯುತ್ತವೆಯೋ ಅಲ್ಲಿಗೆ ತೃಪ್ತನಾಗಬೇಕು. ಸಂತೆಯಲ್ಲಿ ಜಾಣ ಗೃಹಿಣಿ ಮೊದಲು ತಕ್ಕಡಿಯ ಮುಳ್ಳನ್ನು ನೋಡುತ್ತಾಳೆ, ಆಮೇಲೆ ಕೊಸರು ಕೇಳುತ್ತಾಳೆ. ಹೋಟೆಲಿನ ವಿಷಯದಲ್ಲಿಯೂ ಉದ್ಯಮಿಗೆ ಅದೇ ಕ್ರಮ ಹಿತಕರ.